ಒಣಹಳ್ಳದ ಹೊಸ ನೀರು

ಮುರುಗೆಪ್ಪನಿಗೆ ಮಣ್ಣಿನ ಹುಚ್ಚು. ಹೊಟ್ಟೆಪಾಡೂ ಅದರಿಂದಲೇ ನಡೆಯುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಾರಿಸ್‌ಟೌನಿನ ಒಂದು ಕಂಪನಿಯಲ್ಲಿ ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರು ಅವನು. ಎಲ್ಲಿ ಸೇತುವೆ ಏಳಬೇಕೋ, ಎಲ್ಲಿ ಹೈವೇ ಹಾಯಬೇಕೋ ಅಲ್ಲಿನ ಮಣ್ಣು ಡಬ್ಬಿಗಳಲ್ಲಿ ಅವನ ಲ್ಯಾಬಿಗೆ ಬರುತ್ತಿತ್ತು. ಅದನ್ನು ಒಣಗಿಸಿ, ಜರಡಿಯಾಡಿಸಿ, ನೀರು ಬೆರೆಸಿ, ಗಾಜಿನ ಹಲಗೆಯ ಮೇಲೆ ಬತ್ತಿ ಹೊಸೆದು, ಈ ನೆಲ ಎಷ್ಟು ಭಾರ ತಡೆದೀತು ಎಂದು ಬರೆದುಕೊಡಬೇಕು. ವಾರಕ್ಕೆ ಐದು ದಿನ ಇದನ್ನೇ ಮಾಡಿದರೂ ಆಸೆ ತೀರದೆ, ಭಾನುವಾರ ಅಲೆಯಲು ಹೋದಲ್ಲೂ ದಾರಿ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚಿಟಿಕೆ ಮಣ್ಣನ್ನು ನಾಲಗೆಗೆ ಮುಟ್ಟಿಸಿ ನೋಡುತ್ತಿದ್ದ. ಹೆಂಡತಿ ಗುರುಸಿದ್ದಮ್ಮ ಮೊದಮೊದಲು ಯಾರಾದರೂ ಕಂಡಾರೆಂದು ಸುತ್ತಮುತ್ತ ನೋಡುತ್ತಿದ್ದಳು. ಆಮೇಲಾಮೇಲೆ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ಕೇಳಿ ನಗುವಷ್ಟು ರೂಢಿಯಾಯಿತು.

ಇಬ್ಬರೂ ಕುಷ್ಟಗಿ ಸೀಮೆಯವರು. ಅಲ್ಲಿ ಹಳ್ಳವೆಂದರೆ ವರ್ಷದ ಹನ್ನೊಂದು ತಿಂಗಳು ಮರಳು, ಕಲ್ಲು, ಆಡುಕುರಿ ಹಾಯುವ ದಾರಿ. ಮುರುಗೆಪ್ಪ ಓದಲೆಂದು ಈ ದೇಶಕ್ಕೆ ಬಂದದ್ದು ಅರವತ್ತೈದರ ಬೇಸಿಗೆಯಲ್ಲಿ. ಆ ವರ್ಷ ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ಕಡೆ ಕಂಡರಿಯದ ಬರ. ಹೋಟೆಲುಗಳಲ್ಲಿ ಕೇಳಿದವರಿಗಷ್ಟೇ ನೀರಿನ ಲೋಟ. ಊರು ಬಿಟ್ಟು ಇಷ್ಟು ದೂರ ಬಂದರೂ ಬರ ಬೆನ್ನು ಬಿಡಲಿಲ್ಲ ಎಂದು ಅವನು ಅಪ್ಪನಿಗೆ ಕಾಗದ ಬರೆದ. ಬರೆದದ್ದೇನೋ ಹಾಗೆ, ಆದರೆ ಗೋಡೆಗೋಡೆಗೂ ಅಂಟಿಸಿದ ನೀರು ಉಳಿಸಿ ಎಂಬ ಭಿತ್ತಿಪತ್ರಗಳನ್ನು ನೋಡಿ ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ನೀರಿನ ಬೆಲೆ ಗೊತ್ತಿರುವ ಜನರ ನಡುವೆಯೇ ಬಂದೆ ಎಂದುಕೊಂಡಿದ್ದ. ಎರಡು ವರ್ಷದೊಳಗೆ ಮಳೆ ಬಂತು, ಭಿತ್ತಿಪತ್ರಗಳು ಹೋದವು, ಜನ ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜತೊಡಗಿದರು. ಮುರುಗೆಪ್ಪ ಮಾತ್ರ ಒಂದು ಚೊಂಬಿನಲ್ಲಿ ಮುಖ ತೊಳೆಯುವುದನ್ನು ಎಂದೂ ಬಿಡಲಿಲ್ಲ.

ಗುರುಸಿದ್ದಮ್ಮ ಬಂದು ಸೇರಿಕೊಂಡದ್ದು ಅರವತ್ತೇಳರಲ್ಲಿ. ಜೆರ್ಸಿ ಸಿಟಿಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಮನೆ. ಲಿಫ್ಟ್ ಇಲ್ಲ. ಆ ಕಾಲದಲ್ಲಿ ಆ ಸುತ್ತಿನಲ್ಲಿದ್ದ ಕನ್ನಡದವರನ್ನೆಲ್ಲ ಒಂದು ಸ್ಟೇಷನ್ ವ್ಯಾಗನ್ನಿನಲ್ಲಿ ಕೂರಿಸಿದರೂ ಹಿಂದಿನ ಸೀಟು ಖಾಲಿ ಉಳಿಯುತ್ತಿತ್ತು. ಹಾಗಿರುವಾಗ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಮೈಸೂರಿನ ಕೇಶವಮೂರ್ತಿ, ಅಲಮೇಲು ದಂಪತಿ ಇದ್ದದ್ದು ದೊಡ್ಡ ಪುಣ್ಯ. ಕೇಶವಮೂರ್ತಿ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್. ಅಲಮೇಲುವಿಗೆ ಮೊದಲ ತಿಂಗಳು ಗುರುಸಿದ್ದಮ್ಮನ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ತಿಳಿಯದೆಯೇ ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಜೋಳದ ಹಿಟ್ಟು ಸಿಗದೆ ಗುರುಸಿದ್ದಮ್ಮ ಮೆಕ್ಕೆಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿದರೆ, ಆ ಸದ್ದಿಗೆ ಕೆಳಗಿನಿಂದ ಅಲಮೇಲು ಸಾರಿನ ಪಾತ್ರೆ ಹಿಡಿದು ಮೇಲೆ ಬರುತ್ತಿದ್ದಳು. ತಿಂಗಳಿಗೊಮ್ಮೆ ಇಬ್ಬರೂ ರೈಲಿನಲ್ಲಿ ಮ್ಯಾನ್‌ಹಟನ್ನಿಗೆ ಹೋಗಿ ಲೆಕ್ಸಿಂಗ್ಟನ್ ಅವೆನ್ಯೂದ ಅಂಗಡಿಯಿಂದ ತೊಗರಿಬೇಳೆ, ಹುಣಸೆಹಣ್ಣು ಹೊತ್ತು ತರುತ್ತಿದ್ದರು. ಬಡತನವೆನ್ನಿ, ಬಿಡಿ, ಅಷ್ಟು ಸುಖವಾಗಿ ಅವರು ಮುಂದೆಂದೂ ಉಣ್ಣಲಿಲ್ಲ.

ಭಾನುವಾರ ಬಂದರೆ ಮುರುಗೆಪ್ಪನ ಹಳೆಯ ಡಾಡ್ಜ್ ಕಾರು ಪಶ್ಚಿಮಕ್ಕೆ ಹೊರಡುತ್ತಿತ್ತು. ಲ್ಯಾಬಿನ ಕೆಲಸಕ್ಕೆ ಹೋದಾಗ ಅವನೊಂದು ಗುಡ್ಡ ಕಂಡುಹಿಡಿದಿದ್ದ. ರಾಕವೇ ನದಿಯ ಕಣಿವೆಯ ಮೇಲಿನ ಗುಡ್ಡ. ನ್ಯೂಜೆರ್ಸಿ ಎಂದರೆ ಹಸಿರು ಎನ್ನುವವರು ಅದನ್ನು ನೋಡಬೇಕಿತ್ತು. ನೆತ್ತಿಯ ಮೇಲೆ ಬರೀ ಬಂಡೆ, ಬೊಗಸೆಯಷ್ಟು ಮಣ್ಣು, ಅದರಲ್ಲಿ ಬೆಳೆಯಲಾರದೆ ಗಿಡ್ಡಕ್ಕೆ ನಿಂತ ಓಕ್ ಮರಗಳು. ನೀರು ಬಿದ್ದರೂ ನಿಲ್ಲದ ಮರಡಿ. ಗುಡ್ಡದ ಪಕ್ಕೆಯಲ್ಲಿ ಗುಂಡುಗಲ್ಲು ತುಂಬಿದ ಒಂದು ಹಳ್ಳವಿತ್ತು. ಹಿಮ ಕರಗುವ ನಾಲ್ಕು ದಿನ ಬಿಟ್ಟರೆ ಅದರಲ್ಲಿ ತೇವವೂ ಇರುತ್ತಿರಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಏನು ಹೆಸರೋ, ಗಂಡ ಹೆಂಡಿರು ಒಣಹಳ್ಳ ಎಂದೇ ಕರೆದರು. ಆ ಕಲ್ಲುಗಳ ಮೇಲೆ ಕೂತು ಶೇಂಗಾ ಚಟ್ನಿ, ರೊಟ್ಟಿ ತಿನ್ನುವಾಗ ಇಬ್ಬರಿಗೂ ಊರು ಹತ್ತಿರವಾದಂತೆ ಅನ್ನಿಸುತ್ತಿತ್ತು. ಕೇಶವಮೂರ್ತಿಯನ್ನು ಎಷ್ಟು ಕರೆದರೂ ಬರಲಿಲ್ಲ. ತಾನು ಹತ್ತುವುದಾದರೆ ಮೆಟ್ಟಿಲಿರುವ ಬೆಟ್ಟವನ್ನಷ್ಟೇ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ.

ಮುರುಗೆಪ್ಪನ ಇನ್ನೊಂದು ನಿಷ್ಠೆಯ ವಿಷಯ ಇಲ್ಲಿ ಹೇಳಬೇಕು. ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದಾಗ ಊರಿನ ಮಠದ ಸ್ವಾಮಿಗಳು, ಅಜ್ಜನವರು, ಕಟ್ಟಿದ್ದು. ದಿನಾ ಬೆಳಗ್ಗೆ ಅದನ್ನು ಎಡಗೈಯಲ್ಲಿಟ್ಟುಕೊಂಡು ಪೂಜಿಸಿ, ಅದಕ್ಕೆರೆದ ನೀರನ್ನು, ಪಾದೋದಕವನ್ನು, ಮೂರು ಸಲ ಬಾಯಿಗೆ ಬಿಟ್ಟುಕೊಂಡ ಮೇಲೆಯೇ ಅನ್ನ ನೀರು. ಅದು ಮೈಮೇಲಿಲ್ಲದೆ ತುತ್ತು ಎತ್ತುವುದಿಲ್ಲ. ಅವನ ಅಜ್ಜಿಯ ಲಿಂಗ ಒಮ್ಮೆ ಬಾವಿಗೆ ಬಿದ್ದಾಗ ಮುದುಕಿ ಬಾವಿಕಟ್ಟೆಯ ಮೇಲೆ ಎರಡು ದಿನ ನಿರಾಹಾರ ಕೂತು ತೆಗೆಸಿದ್ದಳಂತೆ. ಗುರುಸಿದ್ದಮ್ಮನಿಗೂ ಲಿಂಗವಿತ್ತು, ಪೂಜೆಯೂ ಇತ್ತು. ಆದರೆ ಗಂಡನಷ್ಟು ಗಟ್ಟಿ ಪಿಂಡ ಅವಳಲ್ಲ. ಹಸಿವಾದರೆ ಹಾಲು ಕುಡಿದು ಆಮೇಲೆ ಪೂಜೆಗೆ ಕೂತದ್ದೂ ಉಂಟು.

ಕರಡಿಗೆಗೆ ಕಟ್ಟುವ ಶಿವದಾರ ಊರಿಂದಲೇ ಬರಬೇಕು. ಎಪ್ಪತ್ತೊಂದರ ಬೇಸಿಗೆಯಲ್ಲಿ ಅದು ಮುಗಿಯಿತು. ಗಂಡನ ಕೊರಳಿನ ದಾರ ಬೆವರಿಗೆ ಕಪ್ಪಾಗಿ ಸವೆದದ್ದನ್ನು ನೋಡಲಾರದೆ ಗುರುಸಿದ್ದಮ್ಮ, ಮಗಳು ವಿಜಿಗೆ ಸ್ವೆಟರ್ ಹೆಣೆದು ಉಳಿದಿದ್ದ ಬಿಳಿ ಉಲ್ಲನ್ ದಾರವನ್ನೇ ನಾಲ್ಕೆಳೆ ಹೊಸೆದು ಕಟ್ಟಿಕೊಟ್ಟಳು. ಉಲ್ಲನ್ ಎಂದು ಹೆಸರಿಗೆ. ಅದು ಆಕ್ರಿಲಿಕ್ ದಾರ, ನುಣುಪು. ಎರಡು ಗಂಟು ಹಾಕಿದಳು. ಮುರುಗೆಪ್ಪ ದಾರ ಯಾವುದೆಂದು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅದೇ ಆಗಸ್ಟ್ ಕೊನೆಗೆ ಡೋರಿಯಾ ಎಂಬ ಬಿರುಗಾಳಿ ಬಂತು. ಶುಕ್ರವಾರ ಹಿಡಿದ ಮಳೆ ಶನಿವಾರ ಬಿಡುವಷ್ಟರಲ್ಲಿ ರಸ್ತೆಗಳೇ ಹೊಳೆಯಾಗಿದ್ದವು. ಅವರ ಕಟ್ಟಡದ ಬೇಸ್‌ಮೆಂಟಿನಲ್ಲಿ ಎದೆಮಟ್ಟ ನೀರು. ಬೇರೆಯವರು ಬಕೆಟ್ ಹಿಡಿದು ನೀರು ತೋಡುತ್ತಿದ್ದರೆ ಮುರುಗೆಪ್ಪ ಕಿಟಕಿಯ ಬಳಿ ನಿಂತು ಬೇರೇನನ್ನೋ ಯೋಚಿಸುತ್ತಿದ್ದ. ಭಾನುವಾರ ಬೆಳಗ್ಗೆ ಪೂಜೆ, ತಿಂಡಿ ಮುಗಿದದ್ದೇ ತಡ, ಹೆಂಡತಿಗೆ ಹೇಳಿದ.

"ಏಳ, ಹಳ್ಳ ಬಂದಿರತೈತಿ."

ಆ ಮಾತು ಕೇಳಿ ಎಷ್ಟು ವರ್ಷವಾಗಿತ್ತೋ. ಗುರುಸಿದ್ದಮ್ಮ ಮೂರು ವರ್ಷದ ವಿಜಿಯನ್ನು ಅಲಮೇಲುವಿನ ಮಡಿಲಿಗೆ ಹಾಕಿ, ರೊಟ್ಟಿ ಕಟ್ಟಿಕೊಂಡು ಮೆಟ್ಟಿಲಿಳಿದಳು. ಮೂರು ಕಡೆ ರಸ್ತೆ ಮುಚ್ಚಿತ್ತು. ಸುತ್ತಿಬಳಸಿ ಗುಡ್ಡದ ಬುಡ ಸೇರುವಷ್ಟರಲ್ಲಿ ಮಧ್ಯಾಹ್ನ. ಬಿಸಿಲು ಬಿದ್ದಿತ್ತು. ನಡೆದಾಗಲೆಲ್ಲ ದೂಳೇಳುತ್ತಿದ್ದ ಕಾಲುದಾರಿ ಈಗ ಪಚಪಚ ಎನ್ನುತ್ತಿತ್ತು. ಬಂಡೆಯ ತಗ್ಗುತಗ್ಗಿನಲ್ಲೂ ನೀರು, ಎಂದೂ ಬಾಯಿ ಬಿಡದ ಕಪ್ಪೆಗಳ ಗದ್ದಲ, ಒಣಗಿ ಪುಡಿಯಾಗುತ್ತಿದ್ದ ಪಾಚಿ ಉಬ್ಬಿ ಹಸಿರಾಗಿತ್ತು. ಒದ್ದೆ ಮಣ್ಣಿನ ವಾಸನೆಗೆ ಗುರುಸಿದ್ದಮ್ಮ ನಿಂತು ಮೂಗರಳಿಸಿದಳು. ಮುಂಗಾರಿನ ಮೊದಲ ಮಳೆಗೆ ಅವ್ವ ಮಾಳಿಗೆಯ ಮೇಲೆ ಹಾಕಿದ್ದ ಕಾಳು ತೆಗೆಯಲು ಓಡುತ್ತಿದ್ದದ್ದು ಕಣ್ಣಿಗೆ ಬಂತು. ಹಳ್ಳ ಕಾಣುವ ಮೊದಲೇ ಅದರ ಮೊರೆತ ಕೇಳಿಸಿತು. ಮುರುಗೆಪ್ಪ ನಡೆಯುವುದನ್ನು ಬಿಟ್ಟು ಓಡತೊಡಗಿದ.

ಒಣಹಳ್ಳದಲ್ಲಿ ದಡದಿಂದ ದಡಕ್ಕೆ ಕೆಂಪು ನೀರು. ಅವರು ಕೂತು ಉಣ್ಣುತ್ತಿದ್ದ ಕಲ್ಲುಗಳು ಕಾಣದಾಗಿದ್ದವು. ಮೂವತ್ತಾರು ವರ್ಷದ ಎಂಜಿನಿಯರು ಶರ್ಟು, ಬನಿಯನ್ ಕಿತ್ತು ಪೊದೆಯ ಮೇಲೆ ಎಸೆದು, ಪ್ಯಾಂಟು ಮಡಿಸುವಷ್ಟೂ ತಾಳ್ಮೆಯಿಲ್ಲದೆ ಇಳಿದುಬಿಟ್ಟ. ಆಚೆ ದಡದಲ್ಲಿ ಹೈಕ್ ಮಾಡುತ್ತಿದ್ದ ಇಬ್ಬರು ಅಮೆರಿಕನ್ ಮುದುಕಿಯರು ನಿಂತು ನೋಡಿ ಕೈಬೀಸಿದರು. ಅವನಿಗೆ ಅದರ ಪರಿವೆಯಿಲ್ಲ. ಸೊಂಟದುದ್ದ ನೀರಿನಲ್ಲಿ ನಿಂತು ಬೊಗಸೆಯಲ್ಲಿ ಹೊಸ ನೀರು ಎತ್ತಿ ಕಣ್ಣಿಗೊತ್ತಿಕೊಂಡ. ಕರಡಿಗೆಯ ಮೇಲೂ ಒಂದು ಬೊಗಸೆ ಹಾಕಿದ. ಆಮೇಲೆ ಮೂಗು ಹಿಡಿದು ಮುಳುಗಿದ. ಒಂದು ಸಲ, ಎರಡು ಸಲ. ಹೆಂಡತಿಯನ್ನೂ ಬಾ ಎಂದು ಕರೆದ. ಮದುವೆಯಾದಾಗಿನಿಂದ ಅವನು ಹಾಗೆ ನಕ್ಕದ್ದನ್ನು ಗುರುಸಿದ್ದಮ್ಮ ನೋಡಿರಲಿಲ್ಲ.

ಮೂರನೆಯ ಸಲ ಮುಳುಗಿ ಎದ್ದಾಗ ಅವನ ಕೈ ಎದೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಹೆಗಲ ಮೇಲೆ ಬಿಳಿಯ ದಾರ ಅಂಟಿಕೊಂಡಿತ್ತು. ಅದರ ಎರಡು ತುದಿಯೂ ನೆಟ್ಟಗಿದ್ದವು. ಹರಿದಿರಲಿಲ್ಲ. ನೆನೆದ ಗಂಟು ತಾನಾಗಿ ಜಾರಿ ಬಿಚ್ಚಿಕೊಂಡಿತ್ತು.

ಅವನು ಕತ್ತಲಾಗುವವರೆಗೂ ನೀರಿನಲ್ಲಿ ಕಾಲಿನಿಂದ, ಕೈಯಿಂದ ತಡಕಿದ. ಮನೆಗೆ ಬಂದು ರೊಟ್ಟಿಯ ಗಂಟನ್ನು ಬಿಚ್ಚದೆ ಮೇಜಿನ ಮೇಲಿಟ್ಟ. ನೀರನ್ನೂ ಮುಟ್ಟಲಿಲ್ಲ. ಸಿಗುವವರೆಗೆ ಇಲ್ಲ ಎಂದಷ್ಟೇ ಹೇಳಿದ. ಸಿಗದಿದ್ದರೆ ಏನು ಗತಿ ಎಂದು ಗುರುಸಿದ್ದಮ್ಮ ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಮಠಕ್ಕೆ ಕಾಗದ ಬರೆದರೆ ಉತ್ತರ ಬರಲು ಮೂರು ವಾರ. ಅಜ್ಜನವರ ಕೈಯಿಂದಲೇ ಇನ್ನೊಂದು ಲಿಂಗ ಪಡೆಯೋಣವೆಂದರೆ ಊರಿಗೆ ಹೋಗಿಬರುವಷ್ಟು ಅನುಕೂಲವೂ ಇಲ್ಲ, ರಜೆಯೂ ಇಲ್ಲ. ಅಷ್ಟು ದಿನ ಬರಿಹೊಟ್ಟೆಯಲ್ಲಿ ಯಾವ ಮನುಷ್ಯ ಉಳಿದಾನು?

ಸೋಮವಾರ ಬೆಳಗ್ಗೆ ಅವನು ಮಾರಿಸ್‌ಟೌನಿಗೆ ಹೋಗಿ, ಮನೆತನದ ವಸ್ತುವೊಂದು ಹಳ್ಳದಲ್ಲಿ ಬಿದ್ದಿದೆಯೆಂದು ಮೇಲಧಿಕಾರಿಗೆ ಹೇಳಿ, ರಜೆಯನ್ನೂ ಲ್ಯಾಬಿನ ಜರಡಿಗಳನ್ನೂ ಕೇಳಿ ತಂದ. ಹಿತ್ತಾಳೆಯ ಅಂಚಿನ ದುಂಡು ಜರಡಿಗಳು, ಕಣ್ಣು ದೊಡ್ಡದರಿಂದ ಸಣ್ಣದರವರೆಗೆ. ಹಳ್ಳದಲ್ಲಿ ನೀರು ಮೊಣಕಾಲಿಗೆ ಇಳಿದಿತ್ತು. ಗೂಟ ಬಡಿದು, ಹುರಿ ಕಟ್ಟಿ, ಹಳ್ಳವನ್ನು ಚೌಕಚೌಕವಾಗಿ ಭಾಗ ಮಾಡಿದ. ಒಂದೊಂದು ಚೌಕದ ಮರಳುಕಲ್ಲನ್ನು ಸಲಿಕೆಯಲ್ಲಿ ಎತ್ತಿ ಜರಡಿಗೆ ಸುರಿಯುವುದು, ಅಲ್ಲಾಡಿಸುವುದು, ನೋಡುವುದು, ಪಕ್ಕಕ್ಕೆ ರಾಶಿ ಹಾಕುವುದು. ಗುರುಸಿದ್ದಮ್ಮ ಸೆರಗು ಸಿಕ್ಕಿಸಿ ಅವನ ಜೊತೆ ನಿಂತಳು. ಅವನ ತುಟಿ ಒಣಗಿ ಬಿಳಿಯಾಗುತ್ತಿತ್ತು. ಕಾಲಡಿಯಲ್ಲಿ ತಣ್ಣಗೆ ನೀರು ಹರಿಯುತ್ತಿತ್ತು. ಅದರಲ್ಲಿ ನಿಂತೇ ಅವನು ಬಾಯಾರಿ ಸಾಯುತ್ತಿದ್ದ. ಒಂದು ಸಲ ಅವಳಿಗೆ ಸಿಟ್ಟು ಬಂತು. ಕಲ್ಲು ಕಳೆದುಹೋದರೆ ದೇವರು ಕಳೆದುಹೋಗುತ್ತಾನೆಯೇ ಎಂದು ಜೋರಾಗಿ ಕೇಳಿಬಿಡಬೇಕೆನ್ನಿಸಿತು. ಕೇಳುವ ಮುಖ ತನಗಿಲ್ಲ ಎಂದು ಇನ್ನೊಂದು ಸಲಿಕೆ ಮರಳು ಎತ್ತಿದಳು.

ಸಂಜೆ ಸಲಿಕೆ ಇಟ್ಟು ದಡದಲ್ಲಿ ಕೂತಾಗ ಅವಳು ಹೇಳಿಯೇ ಬಿಟ್ಟಳು.

"ಶಿವದಾರ ಅಲ್ಲ್ರಿ ಅದು. ವಿಜಿ ಸ್ವೆಟರಿಂದ ಉಳಿದ ದಾರ. ಜಾರತೈತಿ ಅಂತ ನನಗ ತಿಳೀಲಿಲ್ಲ."

ಮುರುಗೆಪ್ಪ ಕೈಯಲ್ಲಿದ್ದ ಮರಳನ್ನು ಹಳ್ಳಕ್ಕೆ ಉದುರಿಸಿದ.

"ನನ್ನ ಕೊಳ್ಳಾಗಿನ ದಾರ ನಾ ನೋಡಬೇಕಿತ್ತು," ಎಂದ.

ಅಷ್ಟೇ. ಬೈದಿದ್ದರೆ, ಜರಡಿ ಎತ್ತಿ ಎಸೆದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಎದ್ದು ಹುರಿ ಸುತ್ತತೊಡಗಿದ, ಅವಳು ಗೂಟ ಕಿತ್ತಳು.

ಮಂಗಳವಾರ ಕೇಶವಮೂರ್ತಿ ತಾನೇ ರಜೆ ಹಾಕಿ ಕಾರು ಡ್ರೈವ್ ಮಾಡಿದ. ಎರಡು ದಿನ ಅನ್ನ ನೀರಿಲ್ಲದ ಮುರುಗೆಪ್ಪನ ಕೈಗೆ ಸ್ಟಿಯರಿಂಗ್ ಕೊಡುವಂತಿರಲಿಲ್ಲ. ದಾರಿಯಲ್ಲಿ ಕೇಶವಮೂರ್ತಿ ಒಂದು ತಮಾಷೆ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ. ಮೆಟ್ಟಿಲಿಲ್ಲದ ಆ ಗುಡ್ಡವನ್ನು ಏದುಸಿರು ಬಿಡುತ್ತ ಹತ್ತಿ, ಪ್ಯಾಂಟು ಮೊಣಕಾಲಿಗೆ ಏರಿಸಿ, ಜನಿವಾರವನ್ನು ಬನಿಯನ್ನಿನೊಳಗೆ ಸೇರಿಸಿಕೊಂಡು ಜರಡಿ ಹಿಡಿದ. ಹಳ್ಳದ ಹರಿವು ನಿಂತುಹೋಗಿತ್ತು. ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರು, ಅದರಲ್ಲಿ ಮರಗಳ ನೆರಳು. ಕಲ್ಲುಗಳು ಮೇಲಿನಿಂದ ಬೆಳ್ಳಗೆ ಒಣಗುತ್ತ ಬಂದಿದ್ದವು. ಕೊನೆಯ ಚೌಕ ಮುಗಿದಾಗ ಮಧ್ಯಾಹ್ನ ಎರಡು ಗಂಟೆ. ಸಿಕ್ಕಿದ್ದು ಒಂದು ಬಾಟಲಿ ಮುಚ್ಚಳ, ಒಂದು ಮಗುವಿನ ಬೂಟು. ಮುರುಗೆಪ್ಪ ಜರಡಿಯನ್ನು ತೊಳೆಯಲು ಬಗ್ಗಿದವನು ಹಾಗೇ ಪಕ್ಕಕ್ಕೆ ವಾಲಿ ಕೂತುಬಿಟ್ಟ.

ಗುರುಸಿದ್ದಮ್ಮ, ಕೇಶವಮೂರ್ತಿ ಅವನನ್ನು ಎರಡೂ ಕಡೆ ಹಿಡಿದು ಗುಡ್ಡ ಇಳಿಸಿ, ಮೂರು ಮಹಡಿ ಹತ್ತಿಸಿ ಸೋಫಾದ ಮೇಲೆ ಮಲಗಿಸಿದರು. ಅಲಮೇಲು ಆಸ್ಪತ್ರೆಗೆ ಫೋನ್ ಮಾಡೋಣವೆಂದಳು. ಅಲ್ಲಿ ತೋಳಿಗೆ ಸೂಜಿ ಚುಚ್ಚಿ ನೀರು ಏರಿಸುತ್ತಾರೆ, ಅದಕ್ಕೆ ನಾನು ಒಪ್ಪುವುದಿಲ್ಲ ಎಂದು ಮುರುಗೆಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ. ಕೇಶವಮೂರ್ತಿ ಮಾತು ಬದಲಿಸಲೆಂದು, ಹಳ್ಳದಲ್ಲಿ ಇಲ್ಲವೆಂದ ಮೇಲೆ ಎಲ್ಲಿಗೆ ಹೋಗಿರಬಹುದು ಎಂದು ಕೇಳಿದ. ಮಣ್ಣು, ನೀರಿನ ಪ್ರಶ್ನೆ ಕೇಳಿದರೆ ಮುರುಗೆಪ್ಪ ಸತ್ತರೂ ಎದ್ದು ಉತ್ತರ ಹೇಳುವವನು. ಸೋಫಾದ ಬಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ವಿವರಿಸಿದ. ಅಷ್ಟು ಸೆಳವಿದ್ದ ಮೇಲೆ ಅದು ಮೊದಲ ದಿನವೇ ಕಣಿವೆಗೆ ಇಳಿದು ರಾಕವೇ ನದಿ ಸೇರಿದೆ. ನದಿ ಬೂಂಟನ್ನಿನ ಜಲಾಶಯಕ್ಕೆ ಹೋಗಿ ನಿಲ್ಲುತ್ತದೆ. ಭಾರದ ವಸ್ತು ಅಲ್ಲಿಂದ ಮುಂದೆ ಹೋಗುವುದಿಲ್ಲ, ತಳ ಸೇರುತ್ತದೆ. ನೀರು ಮಾತ್ರ ಪೈಪಿನಲ್ಲಿ ಈ ಊರಿಗೆ ಬರುತ್ತದೆ. ಅಲ್ಲಿಗೆ ತನ್ನ ಲೆಕ್ಕ ಮುಗಿಯಿತು ಎಂದು ಗೋಡೆಯ ಕಡೆ ಹೊರಳಿದ.

ಗುರುಸಿದ್ದಮ್ಮ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಅವಳಿಗೆ ತರ್ಕ ಗಿರ್ಕ ಏನೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ, ಈ ಮನುಷ್ಯ ಈಗ ನೀರು ಕುಡಿಯಬೇಕು. ಅಡುಗೆಮನೆಗೆ ಹೋಗಿ ಪೂಜೆಯ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದಳು. ನಲ್ಲಿ ತಿರುಗಿಸಿ ತುಂಬಿಸಿದಳು. ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ತಂಬಿಗೆಯನ್ನು ಸೆರಗಿನಲ್ಲಿ ಹಿಡಿದು ಬಂದು ಗಂಡನೆದುರು ನೆಲದ ಮೇಲೆ ಕೂತಳು.

"ರೀ, ಈ ಕಡೆ ಹೊರಳ್ರಿ. ಅದು ಕೆರಿ ತಳದಾಗ ಐತಿ ಅಂದ್ರಿ. ಅದರ ಮ್ಯಾಲ ಹಾದ ನೀರ ನಮ್ಮ ಮನೀಗಿ ಬರತೈತಿ ಅಂದ್ರಿ. ಮತ್ತ ಇದು ಪಾದೋದಕ ಅಲ್ಲದ ಇನ್ನೇನ್ರಿ? ಕೈ ನೀಡ್ರಿ."

ಕೇಶವಮೂರ್ತಿ ಕೆಮಿಸ್ಟ್ ನೋಡಿ, ಆ ನೀರಿಗೆ ಹಾಕುವ ಕ್ಲೋರಿನ್ನಿನ ವಿಷಯ ಹೇಳಲು ಬಾಯಿ ತೆರೆದ. ಅಲಮೇಲು ಅವನ ತೋಳನ್ನು ಬಲವಾಗಿ ಚಿವುಟಿದಳು. ಮುರುಗೆಪ್ಪ ಹೆಂಡತಿಯ ಮುಖ ನೋಡಿದ, ತಂಬಿಗೆ ನೋಡಿದ, ಮತ್ತೆ ಮುಖ ನೋಡಿದ. ಈಗ ಇವರು ಗ್ಯಾಲನ್ನು, ಮೈಲಿ, ಎಲ್ಲ ಲೆಕ್ಕ ಹಾಕಿ ಆಗುವುದಿಲ್ಲ ಎನ್ನುತ್ತಾರೆ ಎಂದು ಗುರುಸಿದ್ದಮ್ಮ ತಂಬಿಗೆಯನ್ನು ಇನ್ನಷ್ಟು ಮುಂದೆ ಹಿಡಿದಳು. ಅವನು ನಿಧಾನವಾಗಿ ಎದ್ದು ಕೂತ. ಬಲಗೈ ನೀಡಿದ. ಮೂರು ಸಲ ಅವಳು ಎರೆದಳು, ಮೂರು ಸಲ ಅವನು ಕುಡಿದ. ಮೂರನೆಯದನ್ನು ಕುಡಿಯುವಾಗ ಅವನಿಗೆ ಅಳು ಬಂದು ನೀರು ನೆತ್ತಿಗೆ ಹತ್ತಿತು. ಆಮೇಲೆ ತಂಬಿಗೆಯಲ್ಲಿ ಉಳಿದದ್ದನ್ನೂ ಗಟಗಟ ಕುಡಿದು, ಹಾಲಿನಲ್ಲಿ ಹಿಸುಕಿದ ರೊಟ್ಟಿ ಉಂಡು, ಬುಧವಾರ ಬೆಳಗ್ಗೆಯವರೆಗೆ ಮಲಗಿದ.

ಹಾಗೆ ಆ ಮಳೆ ಮುಗಿಯಿತು. ಅಂದಿನಿಂದ ಮುರುಗೆಪ್ಪ ದಿನಾ ಬೆಳಗ್ಗೆ ಬರಿಗೈಯಲ್ಲಿ ಪೂಜೆಗೆ ಕೂತು, ನಲ್ಲಿಯ ನೀರನ್ನು ಮೂರು ಸಲ ತೆಗೆದುಕೊಂಡು ಆಫೀಸಿಗೆ ಹೋದ. ಎಪ್ಪತ್ತನಾಲ್ಕರಲ್ಲಿ ಅಂತೂ ಊರಿಗೆ ಹೋಗಿಬರಲು ಸಾಧ್ಯವಾಯಿತು. ಮಠದ ಅಜ್ಜನವರು ನಡೆದದ್ದನ್ನೆಲ್ಲ ಕೇಳಿ, ಗದರಿಸದೆ, ಹೊಸ ಲಿಂಗ ಕಟ್ಟಿ ಕಳಿಸಿದರು. ಗುರುಸಿದ್ದಮ್ಮ ಹತ್ತು ವರ್ಷಕ್ಕಾಗುವಷ್ಟು ಶಿವದಾರ ಪೆಟ್ಟಿಗೆಯಲ್ಲಿ ತುಂಬಿ ತಂದಳು. ಇನ್ನು ಎಲ್ಲ ಮೊದಲಿನಂತಾಯಿತು ಎಂದುಕೊಂಡಳು. ಆದರೂ ಮುರುಗೆಪ್ಪ ಪೂಜೆ ಮುಗಿಸಿ ಎದ್ದ ಮೇಲೆ ಅಡುಗೆಮನೆಗೆ ಬಂದು ನಲ್ಲಿಗೆ ಕೈಯೊಡ್ಡುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ನಮ್ಮವರಿಗೆಲ್ಲ ಮನೆಯ ಹುಚ್ಚು ಹಿಡಿದಿತ್ತು. ಕೇಶವಮೂರ್ತಿ ವುಡ್‌ಬ್ರಿಡ್ಜಿನಲ್ಲಿ ಮನೆ ಕೊಂಡು ಹೋದ ದಿನ ಅಲಮೇಲು, ಗುರುಸಿದ್ದಮ್ಮ ಮೆಟ್ಟಿಲ ಮೇಲೆ ಕೂತು ಅತ್ತರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಹಿತ್ತಲು, ಗರಾಜು, ಲಾನ್ ಮೋವರ್ ಇವೇ ಮಾತು. ಗುರುಸಿದ್ದಮ್ಮ ಹನ್ನೊಂದು ವರ್ಷ ಆ ಮೂರು ಮಹಡಿಯನ್ನು ದಿನಸಿ ಚೀಲ ಹೊತ್ತು ಹತ್ತಿದವಳು. ಅವಳಿಗೂ ಮೆಂತ್ಯ, ಹೀರೆ ಹಾಕಲು ನಾಲ್ಕಡಿ ಮಣ್ಣು ಬೇಕಿತ್ತು. ಬೇಕಿತ್ತು ಎಂದರೆ ಸಾಲದು, ಕನಸಿನಲ್ಲಿ ಹಂದರ ಹಾಕುತ್ತಿದ್ದಳು. ಎಪ್ಪತ್ತೆಂಟರ ವಸಂತದಲ್ಲಿ ಒತ್ತಾಯ ಮಾಡಿ ಗಂಡನನ್ನು ಹಿಲ್ಸ್‌ಬರೋಗೆ ಕರೆದೊಯ್ದಳು. ಬಿಳಿಯ ಮನೆ, ಹಿಂದೆ ಅರ್ಧ ಎಕರೆ. ಮುರುಗೆಪ್ಪ ಹಿತ್ತಲಿನ ಮಣ್ಣನ್ನು ನಾಲಗೆಗೆ ಮುಟ್ಟಿಸಿ ತಲೆದೂಗಿದ. ವಿಜಿ ಅಲ್ಲಿದ್ದ ಜೋಕಾಲಿ ಹತ್ತಿಬಿಟ್ಟಳು. ಇನ್ನೇನು ಆಯಿತೆಂದು ಗುರುಸಿದ್ದಮ್ಮ ಒಲೆಯ ಜಾಗ ನೋಡುತ್ತಿರುವಾಗ ಅವನು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿದ. ಈ ನೀರು ಎಲ್ಲಿಯದೆಂದು ಮನೆ ತೋರಿಸುತ್ತಿದ್ದವನನ್ನು ಕೇಳಿದ. ಮನೆಯದೇ ಬೋರ್‌ವೆಲ್, ಸಿಹಿ ನೀರು ಎಂದು ಆತ ಹೆಮ್ಮೆಯಿಂದ ಹೇಳಿದ. ಮುರುಗೆಪ್ಪ ಕುಡಿದು ನೋಡಿ, ನಿಜ, ಬಹಳ ಒಳ್ಳೆಯ ನೀರು ಎಂದ. ಆಮೇಲೆ ಥ್ಯಾಂಕ್ಸ್ ಹೇಳಿ ಕಾರಿನ ಕಡೆ ನಡೆದ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ವಿಜಿ ಮುಖ ಊದಿಸಿ ಕೂತಿದ್ದಳು. "ವೈ ನಾಟ್, ಡ್ಯಾಡಿ?" ಎಂದು ಎರಡು ಸಲ ಕೇಳಿ ಉತ್ತರ ಸಿಗದೆ ನಿದ್ದೆಹೋದಳು. ಗುರುಸಿದ್ದಮ್ಮನಿಗೆ ಉತ್ತರ ಗೊತ್ತಿತ್ತು. ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ತನ್ನ ಬಾಯಿಂದಲೇ ಬಂದ ಮಾತು ತನ್ನ ಹೀರೆಯ ಹಂದರಕ್ಕೆ ಅಡ್ಡ ನಿಂತಿತ್ತು. ಏಳು ವರ್ಷ ನುಂಗಿಕೊಂಡಿದ್ದನ್ನು ಆಗ ಆಡಿದಳು.

"ಅವತ್ತು ನೀವು ಉಣಲಿ ಅಂತ ನಾ ಅಂದದ್ದರಿ ಅದು. ಬಾಯಿಗೆ ಬಂದದ್ದು ಅಂದೆ. ನನಗೇನು ಖಾತ್ರಿ ಇತ್ತು?"

ಮುರುಗೆಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತೈತಿ. ಕೈ ನೀಡುವಾಗೂ ಗೊತ್ತಿತ್ತು."

"ಮತ್ತ್ಯಾಕ ಕುಡಿದ್ರಿ?"

"ನಾ ಸಾಯಬಾರ್ದು ಅಂತ ನೀ ಕೊಟ್ಟಿದ್ದಿ. ದೇವರಾದರೂ ಅದಕ್ಕಿಂತ ಹೆಚ್ಚು ಏನು ಕೊಡತಿದ್ದ? ಆ ನೀರು ಬಿಟ್ಟು ಬರೂದಾಗೂದಿಲ್ಲ ನನಗ."

ಗುರುಸಿದ್ದಮ್ಮನಿಗೆ ಆ ಬಿಳಿಯ ಮನೆ ಕೈಬಿಟ್ಟಿತೆಂಬ ಸಂಕಟ ಹಾಗೆಯೇ ಇತ್ತು. ಇಷ್ಟು ವರ್ಷ ಇವರು ಬೆಳಗ್ಗೆ ಬೆಳಗ್ಗೆ ನಲ್ಲಿಗೆ ಕೈಯೊಡ್ಡಿದ್ದು ಯಾವುದರ ಮುಂದೆ ಎಂದು ತಿಳಿದು ಕಣ್ಣೂ ತುಂಬಿತ್ತು. ಎರಡನ್ನೂ ಒಟ್ಟಿಗೆ ಹೊತ್ತು, ಮಲಗಿದ್ದ ಮಗಳನ್ನು ಎಬ್ಬಿಸಿಕೊಂಡು ಮೂರು ಮಹಡಿ ಹತ್ತಿದಳು. ಸೀರೆಯನ್ನೂ ಬದಲಿಸದೆ ನಲ್ಲಿ ತಿರುಗಿಸಿ, ಪಾತ್ರೆ ತುಂಬಿಸಿ, ರೊಟ್ಟಿಗೆ ಎಸರಿಟ್ಟಳು.